ಎದುರಿನ ಗೋಲಿನಲ್ಲಿ ನನ್ನವರು

ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಮೊದಲ ಭಾನುವಾರ ನನ್ನ ಗಂಡ ಊಟ ಮುಗಿಸಿದವರೇ ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ಒಂದು ಜೊತೆ ಗ್ಲೌಸ್ ತೆಗೆದುಕೊಂಡು ಹೊರಟುಬಿಟ್ಟರು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನನಗೆ ಗೊತ್ತಿದ್ದ ಗ್ಲೌಸೇ ಬೇರೆ. ಇವು ದಪ್ಪಗೆ, ಅಂಗೈ ಸವೆದು, ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಎಲ್ಲಿಗೆ ಎಂದು ಕೇಳುವಷ್ಟು ಸಲುಗೆ ನಮ್ಮಿಬ್ಬರ ನಡುವೆ ಇನ್ನೂ ಬೆಳೆದಿರಲಿಲ್ಲ. ಜೋಳ ಹಸನು ಮಾಡುತ್ತಾ ಕೂತಿದ್ದ ಅತ್ತೆ ನನ್ನ ಮುಖ ನೋಡಿ ನಕ್ಕರು.

“ಫುಟ್‌ಬಾಲಿಗೆ ಹೋಗ್ಯಾನ ಯವ್ವಾ. ಮದುವಿ ಆದ್ರ ಬಿಡ್ತಾನ ಅಂದ್ಕೊಂಡಿದ್ದೆ. ಬಿಡಂಗಿಲ್ಲ ಅಂವ. ನೀನೂ ಹೋಗಿ ನೋಡ್ಕೊಂಡು ಬಾ. ಗಂಡ ಎಂಥಾವ ಅಂತ ಗೊತ್ತಾಗ್ತೈತಿ.”

ನನ್ನ ತವರು ಹಿರೇಹಡಗಲಿ, ಹಡಗಲಿ ಪೇಟೆಯಾಚೆಯ ಹಳ್ಳಿ. ನಮ್ಮೂರಲ್ಲಿ ಸಾಲಿ ಹಿಂದೆ ವಾಲಿಬಾಲ್ ಆಡುತ್ತಿದ್ದರು, ಬೇಸಿಗೆಯಲ್ಲಿ ಕಬಡ್ಡಿ ಇರುತ್ತಿತ್ತು. ಉಳಿದ ದಿನವೆಲ್ಲ ಕ್ರಿಕೆಟ್ಟು. ಕಾಲಲ್ಲಿ ಚೆಂಡಾಡುವವರನ್ನು ನಾನು ಟಿ.ವಿ.ಯಲ್ಲಿ ಬಿಟ್ಟರೆ ಕಂಡಿರಲಿಲ್ಲ. ಹೊಸ ಸೀರೆ ಉಟ್ಟುಕೊಂಡೇ ಕಾಲೇಜು ಮೈದಾನಕ್ಕೆ ಹೋದೆ. ಸುತ್ತ ಜಾಲಿಗಿಡ, ಎರಡು ಕಡೆ ಕಬ್ಬಿಣದ ಪೈಪಿನ ಗೋಲು, ಒಂದಕ್ಕೆ ಮಾತ್ರ ಬಲೆ. ಬಲೆಯಿಲ್ಲದ ಕಡೆ ಗೋಲಾದರೆ ಚೆಂಡು ಸೀದಾ ಜಾಲಿಯೊಳಗೆ ಹೋಗಿ ಮುಳ್ಳು ಚುಚ್ಚಿಸಿಕೊಳ್ಳುತ್ತಿತ್ತು. ಆಗ ಆಟ ನಿಲ್ಲಿಸಿ ಬೇರೆ ಚೆಂಡು ತರಬೇಕು. ಆ ಬಲೆಯಿಲ್ಲದ ಗೋಲಿನ ಮುಂದೆ ಮನೆಯಲ್ಲಿ ತಲೆ ಎತ್ತಿ ಮಾತಾಡದ ನನ್ನ ಗಂಡ ನಿಂತಿದ್ದರು. “ಏ ಎಡಕ್ಕ! ಎಡಕ್ಕ ನಿಲ್ಲಲೇ!” ಎಂದು ಅವರು ಕೂಗಿದ್ದು ಕೇಳಿ ನಾನು ಬೆಚ್ಚಿಬಿದ್ದೆ. ಆ ಗಂಟಲು ಈ ಮನುಷ್ಯನದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಅವತ್ತು ಎದುರಾಳಿ ಕೊಟ್ಟೂರಿನವರು. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮ ಇತ್ತು. ಅಷ್ಟರೊಳಗೆ ನನಗೆ ಚೆಂಡು ಯಾವ ಕಡೆ ಹೋದರೆ ಒಳ್ಳೆಯದು, ಯಾವ ಕಡೆ ಬಂದರೆ ಕೆಟ್ಟದ್ದು ಎನ್ನುವುದಷ್ಟು ತಿಳಿದಿತ್ತು. ಕೊನೆಗೆ ಚೆಂಡು ಯಾರದೋ ಮೊಣಕಾಲಿಗೆ ತಾಗಿ, ದಿಕ್ಕು ತಪ್ಪಿ, ಇವರ ಬಲಗೈ ಪಕ್ಕದಲ್ಲೇ ಮೆಲ್ಲಗೆ ಉರುಳಿ ಒಳಗೆ ಹೋಯಿತು. ಜೋರಾಗಿ ಬಂದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಎತ್ತಿನ ಗಾಡಿ ಹೋದಂತೆ ಹೋಯಿತು ಅದು. ನಾನು ನೋಡುತ್ತಲೇ ಇದ್ದೆ, ಅವರೂ ನೋಡುತ್ತಲೇ ಇದ್ದರು. ಮನೆಗೆ ಬಂದು ಊಟಕ್ಕೆ ಕೂತರೆ ತುತ್ತು ಇಳಿಯಲಿಲ್ಲ. ಅವರು ಮಾತ್ರ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ಉಂಡರು.

“ನಿಮಗ ಏನೂ ಅನಸಂಗಿಲ್ಲೇನು?” ಎಂದು ಕೇಳಿದೆ. ಅದೇ ನಾನು ಅವರನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಇರಬೇಕು.

“ಆಡಿದಾವ ಮರೀತಾನ. ನೋಡಿದವರಿಗೆ ಮರಿಯಾಕ ಆಗಂಗಿಲ್ಲ,” ಎಂದರು. ಆಗ ಅದು ತಮಾಷೆಯ ಮಾತೆಂದುಕೊಂಡೆ.

ನಮ್ಮದು ದೊಡ್ಡ ಕ್ಲಬ್ಬಲ್ಲ. ಅದರಲ್ಲಿ ಸಾಲಿ ಮಾಸ್ತರರು, ಬ್ಯಾಂಕಿನವರು, ಗ್ಯಾರೇಜಿನವರು, ಕಾಲೇಜು ಹುಡುಗರು ಎಲ್ಲರೂ ಇದ್ದರು. ಹಳದಿ ಅಂಗಿ. ಆ ಅಂಗಿಗಳಿಗೆ ನಂಬರು ಹೊಲಿದುಕೊಡುತ್ತಿದ್ದ ಒಬ್ಬ ವಯಸ್ಸಾದ ಟೇಲರ್ ಇದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಅದೇ ಕಲಿತೆ. ಅವರು ಒಂದು ದಿನವೂ ಚೆಂಡು ಒದ್ದವರಲ್ಲ. ಆದರೆ ತಂಡ ಎಲ್ಲಿಗೆ ಹೋದರೂ ಟೆಂಪೋದಲ್ಲಿ ಡ್ರೈವರ್ ಪಕ್ಕದ ಸೀಟು ಅವರದೇ. ನನ್ನನ್ನು ಆ ಸೀಟಿಗೆ ಹತ್ತಿಸಿಕೊಂಡವರೂ ಅವರೇ. “ಬರ್ರಿ ಸಿಸ್ಟರ್. ಹುಡುಗರಿಗೆ ಕಾಲು ಕೈ ಮುರೀತಾವ, ನೀವು ಇದ್ರ ಧೈರ್ಯ,” ಎಂದು ಒಂದು ನೆಪವನ್ನೂ ಕೊಟ್ಟರು. ಹೆಂಗಸು ಫುಟ್‌ಬಾಲ್ ನೋಡಲು ಊರೂರು ಅಲೆಯುತ್ತಾಳೆ ಎನ್ನುವವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇದ್ದಂತಾಯಿತು. ಡೆಟಾಲ್, ಹತ್ತಿ, ಬ್ಯಾಂಡೇಜು ಇರುವ ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ.

ಮಳೆಗಾಲ ಮುಗಿದು ಜೋಳ ಎದೆಮಟ್ಟ ಬರುವ ಹೊತ್ತಿಗೆ ಪಂದ್ಯಾವಳಿ ಶುರುವಾಗುತ್ತಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಮತ್ತು ನಾವು. ಐದು ಊರಿನವರು ಒಬ್ಬರೊಬ್ಬರ ಮೈದಾನಕ್ಕೆ ಹೋಗಿ ಆಡಬೇಕು, ಹೆಚ್ಚು ಗೆದ್ದ ಎರಡು ತಂಡಗಳಿಗೆ ಕೊನೆಗೊಂದು ಫೈನಲ್. ಕೂಡ್ಲಿಗಿಯಲ್ಲಿ ಕಲ್ಲು ಹೆಚ್ಚು, ಬಿದ್ದವರ ಮೊಣಕಾಲು ತೊಳೆಯುವುದರಲ್ಲೇ ನನಗೆ ಅರ್ಧ ಆಟ ತಪ್ಪುತ್ತಿತ್ತು. ಹಡಗಲಿಯಲ್ಲಿ ನದಿ ಕಡೆ ಬೀಸುವ ಗಾಳಿಗೆ ಎತ್ತರಕ್ಕೆ ಒದ್ದ ಚೆಂಡು ಪಕ್ಕದೂರು ಮಾಗಳದ ದಾರಿ ಹಿಡಿಯುತ್ತಿತ್ತು. ಕೊಟ್ಟೂರಿನಲ್ಲಿ ಗೆದ್ದ ದಿನ ಎಲ್ಲರೂ ಮಂಡಕ್ಕಿ ಮಿರ್ಚಿ ತಿಂದು ಹಾಡಿಕೊಂಡು ಬರುತ್ತಿದ್ದೆವು. ಸೋತ ದಿನವೂ ಅದೇ ಅಂಗಡಿಯ ಮುಂದೆಯೇ ಟೆಂಪೋ ಹಾಯುತ್ತಿತ್ತು. ಡ್ರೈವರ್ ಒಮ್ಮೆ ಚಾಚಾನ ಮುಖ ನೋಡುತ್ತಿದ್ದ. ಚಾಚಾ ಕಿಟಕಿಯಾಚೆ ಮುಖ ತಿರುಗಿಸುತ್ತಿದ್ದರು. ಟೆಂಪೋ ನಿಲ್ಲುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೈಗೆ ಕೆಲಸವಿರುತ್ತದೆ. ಜ್ವರ ಏರಿದರೆ ಒದ್ದೆ ಬಟ್ಟೆ ಹಾಕಬಹುದು, ಬಿ.ಪಿ. ಇಳಿದರೆ ಡ್ರಿಪ್ ಹಚ್ಚಿ ಡಾಕ್ಟರಿಗೆ ಫೋನು ಮಾಡಬಹುದು. ರೋಗಿ ಉಳಿಯದಿದ್ದರೂ ನಾವು ಏನೋ ಮಾಡಿದೆವು ಎನ್ನುವುದು ಉಳಿಯುತ್ತದೆ. ಮೈದಾನದ ಸುಣ್ಣದ ಗೆರೆಯ ಈಚೆ ಅದೂ ಇಲ್ಲ. ಕೂಗಬಹುದು, ಅಷ್ಟೇ. ನಾನು ಕೂಗುವುದನ್ನೂ ನಿಧಾನಕ್ಕೆ ಕಲಿತೆ. ಹರಕೆ ಹೊರೋಣವೆಂದರೆ ನಮ್ಮ ಮನೆಯಲ್ಲಿ ಮಾವ ಇದ್ದಾಗಲೇ ಅದನ್ನೆಲ್ಲ ಬಿಟ್ಟಿದ್ದಾರೆ. ಪಡಸಾಲೆಯಲ್ಲಿ ಇರುವುದು ಬುದ್ಧನ ಪಟ. ಅವನೆದುರು ನಿಂತು ಎರಡು ಗೋಲು ಕೊಡಪ್ಪಾ ಎಂದು ಕೇಳಲು ಬರುವುದಿಲ್ಲ. ಆಸೆಯೇ ದುಃಖಕ್ಕೆ ಮೂಲ ಎಂದವನು ಅವನು. ಭಾನುವಾರ ಬೆಳಿಗ್ಗೆ ಆ ಪಟದ ಮುಂದೆ ಹಾಯುವಾಗ ನಾನು ತಲೆ ತಗ್ಗಿಸುತ್ತಿದ್ದೆ.

ಹೀಗೆ ವರ್ಷಗಳು ಹೋದವು. ಮಗಳು ಹುಟ್ಟಿದಳು, ಸಾಲಿಗೆ ಸೇರಿದಳು. ಅತ್ತೆಯ ಜೊತೆ ಅವಳನ್ನು ಬಿಟ್ಟು ಹೋಗುತ್ತಿದ್ದೆ. ಅವಳಿಗೆ ಚೆಂಡಿನ ಗೀಳು ಹತ್ತಲಿಲ್ಲ, ಒಳ್ಳೆಯದಾಯಿತು ಎಂದುಕೊಂಡೆ.

ಎರಡು ವರ್ಷದ ಹಿಂದೆ ತಂಡಕ್ಕೆ ಹೊಸ ಕ್ಯಾಪ್ಟನ್ ಬಂದ. ಬ್ಯಾಂಕಿನ ಕೆಲಸಕ್ಕೆಂದು ಬಂದ ಹುಡುಗ, ಆಟ ಚೆನ್ನಾಗಿ ಬಲ್ಲವನು. ಅವನು ಬಂದ ಮೇಲೆ ಗೆಲ್ಲುವುದು ಹೆಚ್ಚಾಯಿತು. ಅದನ್ನು ಒಪ್ಪಲೇಬೇಕು. ಅವನೇ ಒಂದು ದಿನ ಐ.ಟಿ.ಐ. ಓದುತ್ತಿದ್ದ ಒಬ್ಬ ಎತ್ತರದ ಹುಡುಗನನ್ನು ಕರೆತಂದು ಗೋಲಿನಲ್ಲಿ ನಿಲ್ಲಿಸಿದ. ನನ್ನ ಗಂಡನಿಗೆ ಬೆಂಚಿನ ಮೇಲೆ ಕೂರಲು ಹೇಳಿದ. ಹೇಳುವಾಗ ಮರ್ಯಾದೆಯಿಂದಲೇ ಹೇಳಿದನಂತೆ. “ಸರ್, ನಿಮ್ಮ ಅನುಭವ ನಮಗ ಬೇಕು. ಹೊರಗ ಕುಂತು ಹೇಳ್ರಿ,” ಎಂದನಂತೆ.

ಅವತ್ತು ಅವರು ಗ್ಲೌಸ್ ತೊಳೆಯಲಿಲ್ಲ. ತೊಳೆಯುವಂಥದ್ದು ಏನೂ ಆಗಿರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ಮಳೆ ಎನ್ನದೆ ಬಿಸಿಲು ಎನ್ನದೆ ಮುಳ್ಳಿನ ಮುಂದೆ ಬಿದ್ದು ಎದ್ದವರನ್ನು ಹೀಗೆ ಕೂರಿಸುವುದೇ? “ಇನ್ನು ಆ ಗ್ರೌಂಡಿನ ಕಡಿ ಹಾಯಂಗಿಲ್ಲ ನಾನು,” ಎಂದು ಅತ್ತೆಯ ಮುಂದೆ ಹೇಳಿದೆ. ಗಂಡ ಕೇಳಿಸಿಕೊಂಡರು. ಮುಂದಿನ ಭಾನುವಾರ ಮಧ್ಯಾಹ್ನ ಅವರು ಮಲಗಿದ್ದರು. ನಾನು ಬಟ್ಟೆ ಮಡಿಚುತ್ತಿದ್ದೆ. ನಮ್ಮ ಮನೆಗೆ ಕಾಲೇಜು ಮೈದಾನ ದೂರವಿಲ್ಲ. ರೆಫರಿಯ ಸೀಟಿ ಕೇಳಿಸಿತು, ಆಮೇಲೆ ಜನರ ಕೂಗು. ಆ ಕೂಗು ನಮ್ಮವರದೋ ಕೂಡ್ಲಿಗಿಯವರದೋ ಗೊತ್ತಾಗಲಿಲ್ಲ. ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚಿದೆ. ಕೊನೆಗೆ ಕೊತ್ತಂಬರಿ ತರುತ್ತೇನೆಂದು ಹೇಳಿ ಚಪ್ಪಲಿ ಮೆಟ್ಟಿದೆ.

ಸಂಜೆ ವಾಪಸು ಬಂದಾಗ ಗಂಡ ಬಾಗಿಲಲ್ಲಿ ಕೂತಿದ್ದರು. ನನ್ನ ಕೈಯಲ್ಲಿ ಕೊತ್ತಂಬರಿ ಇರಲಿಲ್ಲ. ಚಪ್ಪಲಿ, ಸೀರೆಯ ಅಂಚು ಎಲ್ಲ ಕೆಂಪಾಗಿತ್ತು.

“ಎಷ್ಟಾತು?” ಎಂದರು.

“ಒಂದು ಗೋಲಿಂದ ಗೆದ್ವಿ,” ಎಂದೆ. ಗೆದ್ದೆವು ಎಂದು ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಹುಡುಗ ಹೆಂಗ ಆಡಿದ?”

ಸುಳ್ಳು ಹೇಳಬಹುದಿತ್ತು. “ಚಲೋ ಆಡಿದ. ಮ್ಯಾಲಿಂದ ಬರೋ ಚೆಂಡಿಗೆ ಕೈ ನಿಲುಕ್ತೈತಿ ಅವಂಗ,” ಎಂದೆ.

ಅವರು ತಲೆಯಾಡಿಸಿದರು. “ಉದ್ದ ಅದಾನ. ನನಗ ಆ ಎತ್ತರ ಇಲ್ಲ,” ಎಂದು ಎದ್ದು ಒಳಗೆ ಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದೇ ವರ್ಷ ಅವರಿಗೆ ಹರಪನಹಳ್ಳಿಗೆ ವರ್ಗವಾಯಿತು. ಅವರದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಅಲ್ಲಿನ ತಂಡದಲ್ಲಿ ಆಡುವವನೊಬ್ಬ ಅವರ ಕಚೇರಿಯಲ್ಲೇ ಇದ್ದ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಊಟಕ್ಕೆ ಕೂತಾಗ, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳುವ ಧಾಟಿಯಲ್ಲಿ ಹೇಳಿದರು:

“ಹರಪನಹಳ್ಳಿಯವರು ಕರೆದಾರ. ಗೋಲು ಕಾಯೋ ಅವರ ಗೋಲಿ ಊರು ಬಿಟ್ಟು ಹೋಗ್ಯಾನಂತ. ಈ ಸಲ ಅವರಿಗೆ ಆಡ್ತೀನಿ.”

ನನಗೆ ಖುಷಿಯಾಯಿತು. ನಿಜವಾಗಿಯೂ ಆಯಿತು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಇತ್ತು. “ಆಡ್ರಿ. ಯಾಕ ಆಡಬಾರದು?” ಎಂದೆ. ಅತ್ತೆಯೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು.

“ಹಂಗಾರ ಇವಳು ಯಾ ಕಡಿ ಕುಂದರ್ತಾಳ?”

ನಾವಿಬ್ಬರೂ ನಕ್ಕೆವು.

ಆ ಸೀಸನ್ನಿನಲ್ಲಿ ಎರಡು ತಂಡಗಳೂ ಚೆನ್ನಾಗಿ ಆಡಿದವು. ಲೀಗಿನಲ್ಲಿ ಹರಪನಹಳ್ಳಿಗೂ ನಮಗೂ ಪಂದ್ಯವಿದ್ದ ದಿನ ನನಗೆ ಡ್ಯೂಟಿ ಬಿತ್ತು. ಬದಲಾಯಿಸಿಕೊಳ್ಳಬಹುದಿತ್ತು, ಬದಲಾಯಿಸಿಕೊಳ್ಳಲಿಲ್ಲ. ಆ ಪಂದ್ಯ ಸಮವಾಯಿತು ಎಂದು ಕೇಳಿ ಸಮಾಧಾನದ ಉಸಿರು ಬಿಟ್ಟೆ. ಅದಕ್ಕಿಂತ ಒಳ್ಳೆಯ ಫಲಿತಾಂಶ ಇರಲು ಸಾಧ್ಯವಿರಲಿಲ್ಲ. ಆದರೆ ವಾರಗಳು ಕಳೆದಂತೆ ಕೂಡ್ಲಿಗಿಯವರು ಸೋತರು, ಹಡಗಲಿಯವರು ಸೋತರು, ಕೊಟ್ಟೂರಿನವರೂ ಹಿಂದೆ ಬಿದ್ದರು. ಫೈನಲಿಗೆ ಉಳಿದದ್ದು ನಾವಿಬ್ಬರೇ. ನಾವಿಬ್ಬರು ಎಂದರೆ ಎರಡು ತಂಡಗಳು, ಆದರೆ ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವಿತ್ತು.

ಫೈನಲ್ ಕೊಟ್ಟೂರಿನಲ್ಲಿ. ಬೆಳಿಗ್ಗೆ ನನ್ನವರು ಕಡುಗೆಂಪು ಅಂಗಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು. ನಾನೇ ಇಸ್ತ್ರಿ ಮಾಡಿದ ಅಂಗಿ ಅದು. ಹೊಸ್ತಿಲಲ್ಲಿ ನಿಂತು, “ನೀನು ಹೆಂಗ ಬರ್ತಿ?” ಎಂದರು.

“ಟೆಂಪೋದಾಗ ಬರ್ತೀನಿ. ಚಾಚಾ ಜಾಗ ಹಿಡಿದಿರ್ತಾರ,” ಎಂದೆ.

“ಬಾ,” ಎಂದಷ್ಟೇ ಹೇಳಿ ಹೋದರು.

ಟೆಂಪೋ ಹತ್ತಿದಾಗ ಹುಡುಗರೆಲ್ಲ ಬೂಟಿನ ಲೇಸು ಕಟ್ಟುವುದರಲ್ಲಿ ಮುಳುಗಿದರು. ಚಾಚಾ ಮಾತ್ರ ಎಂದಿನಂತೆ ಸರಿದು ಕೂತು ಜಾಗ ಮಾಡಿಕೊಟ್ಟರು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, “ಸಿಸ್ಟರ್, ಇವತ್ತು ನೀವು ಬರಬಾರದಾಗಿತ್ತು,” ಎಂದರು. ಬೈಗುಳವಲ್ಲ, ಕಾಳಜಿ. ಇದನ್ನು ನಾನೂ ರಾತ್ರಿಯಿಂದ ಯೋಚಿಸಿದ್ದೆ. ಮನೆಯಲ್ಲೇ ಉಳಿದಿದ್ದರೆ ಅತ್ತೆಗೆ ಸಂಡಿಗೆ ಹಾಕಿಕೊಡುತ್ತಾ ದಿನ ಕಳೆಯಬಹುದಿತ್ತು. ಆದರೆ ಸಂಡಿಗೆ ಹಾಕುತ್ತಿದ್ದರೂ ನಾನು ಇರುತ್ತಿದ್ದದ್ದು ಕೊಟ್ಟೂರಿನಲ್ಲೇ.

ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ನಾನು ಹಳದಿ ಅಂಗಿಯವರ ಕಡೆ, ಔಷಧಿ ಚೀಲ ಇಟ್ಟುಕೊಂಡು, ಗೆರೆಯ ಪಕ್ಕ ಕೂತೆ. ಅಲ್ಲಿಂದ ದೂರದ ಗೋಲಿನಲ್ಲಿ ನನ್ನವರು ಸಣ್ಣದಾಗಿ ಕಾಣುತ್ತಿದ್ದರು. ಎರಡೂ ಕಂಬಗಳನ್ನು ಅಂಗೈಯಿಂದ ಒಮ್ಮೊಮ್ಮೆ ತಟ್ಟಿ ನಡುವೆ ಬಂದು ನಿಂತರು. ಆ ಚಾಳಿ ಹೋಗಿರಲಿಲ್ಲ.

ಮೊದಲರ್ಧದಲ್ಲಿ ನಮ್ಮ ಕ್ಯಾಪ್ಟನ್ ಒಬ್ಬನೇ ಚೆಂಡು ಎಳೆದುಕೊಂಡು ಹೋಗಿ ಇವರ ಎದುರಿಗೆ ಬಂದ. ಮೈದಾನವೆಲ್ಲ ಎದ್ದು ನಿಂತಿತು. ನಾನೂ ಎದ್ದೆ. “ಹೊಡೀ!” ಎನ್ನುವ ಕೂಗು ಗಂಟಲವರೆಗೂ ಬಂದಿತು. ಇವರು ಮುಂದೆ ಧುಮುಕಿ ಅವನ ಕಾಲಿಗೇ ಬಿದ್ದು ಚೆಂಡು ಅಪ್ಪಿಕೊಂಡರು. ಕಾಲು ಇವರ ಹೆಗಲಿಗೆ ಬಡಿದದ್ದು ಈ ಕಡೆಯಿಂದಲೇ ಕಂಡಿತು. ಚೀಲ ಎತ್ತಿಕೊಂಡು ಓಡಬೇಕೆನಿಸಿತು. ಆ ಕಡೆಗೆ ಅವರದೇ ಜನ ನೀರು ತೆಗೆದುಕೊಂಡು ಓಡಿದರು. ನಾನು ನಿಂತಲ್ಲೇ ನಿಂತೆ. ನನ್ನ ಪಕ್ಕದಲ್ಲಿದ್ದ ಯಾರೋ, “ಮುದುಕನ ನಸೀಬು ನೋಡಲೇ,” ಎಂದ. ಚಾಚಾ ಅವನನ್ನು ಗದರಿದರು.

ಎರಡನೇ ಅರ್ಧದಲ್ಲಿ ಹರಪನಹಳ್ಳಿಯವರು ಗೋಲು ಹೊಡೆದರು. ಸ್ವಲ್ಪ ಹೊತ್ತಿಗೆ ನಮ್ಮವರು ಒಂದು ಹೊಡೆದರು. ಆ ಗೋಲು ಇವರ ಕೈ ತಾಗಿಯೇ ಒಳಗೆ ಹೋದದ್ದು. ನಮ್ಮ ಕಡೆಯವರು ಕುಣಿದರು, ಅಂಗಿ ಬಿಚ್ಚಿ ತಿರುಗಿಸಿದರು. ನನ್ನ ಬಾಯಿಂದಲೂ ಒಂದು ಕೂಗು ಬಂತು. ಅದು ಅರ್ಧಕ್ಕೇ ನಿಂತಿತು, ಏಕೆಂದರೆ ಇವರು ಬಲೆಯಿಂದ ಚೆಂಡು ತೆಗೆಯಲು ಬಗ್ಗಿದ್ದರು. ಆ ಬೆನ್ನು ನನಗೆ ಗೊತ್ತು. ನೀರಿನ ಕೊಡ ಎತ್ತುವಾಗಲೂ ಈಚೆಗೆ ಹಾಗೆಯೇ, ಕೈಯನ್ನು ಮೊಣಕಾಲಿಗೆ ಊರಿ ಏಳುತ್ತಾರೆ.

ಆಟ ಮುಗಿಯುವ ಮುನ್ನ ನಮ್ಮ ಎತ್ತರದ ಹುಡುಗ ಒಂದು ಚೆಂಡು ತಡೆಯಲು ಹೋಗಿ ಬೆರಳು ಮಡಿಚಿಕೊಂಡ. ಸೀಟಿ ಊದಿದ ಮೇಲೆ ನನ್ನ ಹತ್ತಿರ ಬಂದು ಕೂತ. ಕಿರುಬೆರಳು ಊದಿಕೊಂಡು ನೀಲಿಯಾಗುತ್ತಿತ್ತು. ಮುರಿದಿರಲಿಲ್ಲ, ಉಳುಕಿತ್ತು.

“ಪೆನಾಲ್ಟಿ ಐತಿ ಸಿಸ್ಟರ್. ಕಟ್ಟಿಬಿಡ್ರಿ, ಜಲ್ದಿ,” ಎಂದ. ಹಲ್ಲು ಕಚ್ಚಿಕೊಂಡಿದ್ದ.

ಆ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ, ನಡುವೆ ಹತ್ತಿ ಇಟ್ಟು, ಟೇಪು ಸುತ್ತಿದೆ. ನೋವಾಗದಂತೆ, ಬಿಗಿಯೂ ಆಗದಂತೆ, ಗ್ಲೌಸಿನೊಳಗೆ ಕೂರುವಂತೆ. ಅಷ್ಟು ನಾಜೂಕಾಗಿ ಯಾರಿಗೂ ಕಟ್ಟಿಲ್ಲ. ಕಟ್ಟುತ್ತಿರುವಾಗ ಅವನು ತಲೆ ಎತ್ತದೆ ಕೇಳಿದ, “ಸಿಸ್ಟರ್, ಸರ್ ಪೆನಾಲ್ಟಿ ಹೊಡೆದ್ರ ಯಾ ಕಡಿ ಹೊಡೀತಾರ?”

ನನಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಹೊಡೆದ ಪೆನಾಲ್ಟಿಗಳು ಕಡಿಮೆ, ಆದರೆ ಎಲ್ಲವೂ ಒಂದೇ ಕಡೆಗೆ ಹೋಗಿದ್ದವು. ಟೇಪಿನ ತುದಿ ಹಲ್ಲಿನಿಂದ ಹರಿದೆ. ಬಾಯಲ್ಲಿ ಟೇಪು ಇದ್ದದ್ದು ಒಳ್ಳೆಯದಾಯಿತು. ಅವನೇ ನನ್ನ ಮುಖ ನೋಡಿ, “ಬಿಡ್ರಿ, ಕೇಳಬಾರದಾಗಿತ್ತು,” ಎಂದು ಎದ್ದು ಹೋದ.

ಪೆನಾಲ್ಟಿ ಶುರುವಾಯಿತು. ಒಂದೇ ಗೋಲು, ಇಬ್ಬರು ಗೋಲಿಗಳು ಸರದಿಯಲ್ಲಿ ಬಂದು ನಿಲ್ಲಬೇಕು. ಒಬ್ಬರು ಒಳಗೆ ಹೋಗುವಾಗ ಇನ್ನೊಬ್ಬರು ಹೊರಗೆ ಬರುತ್ತಿದ್ದರು. ಮೊದಲ ಸಲ ಎದುರಾದಾಗ ಇವರು ನಿಂತು ಹುಡುಗನ ಕೈ ನೋಡಿ ಏನೋ ಕೇಳಿದರು. ಅವನು ಬೆರಳು ಎತ್ತಿ ತೋರಿಸಿದ. ಇವರು ಟೇಪು ನೋಡಿ, ತಲೆ ಎತ್ತಿ, ನಮ್ಮ ಕಡೆಯ ಗುಂಪಿನಲ್ಲಿ ನನ್ನನ್ನು ಹುಡುಕಿದರು. ಅವರಿಗೆ ನಾನು ಕಂಡೆನೋ ಇಲ್ಲವೋ ಗೊತ್ತಿಲ್ಲ.

ಇವರು ಗೋಲಿನಲ್ಲಿ ನಿಂತಾಗ ಚೆಂಡು ಒಳಗೆ ಹೋಗಲಿ ಎಂದುಕೊಂಡರೆ ಇವರ ಮುಖ ಕಾಣುತ್ತಿತ್ತು. ಹೋಗದಿರಲಿ ಎಂದುಕೊಂಡರೆ ಒದೆಯಲು ನಿಂತ ನಮ್ಮ ಗ್ಯಾರೇಜಿನ ಹುಡುಗನ ಹರಿದ ಬೂಟು ಕಾಣುತ್ತಿತ್ತು. ಕಣ್ಣು ಮುಚ್ಚಿದರೆ ಜನರ ಕೂಗಿನಿಂದಲೇ ಎಲ್ಲ ತಿಳಿಯುತ್ತಿತ್ತು. ಯಾರು ಗೆಲ್ಲಲಿ ಎಂದು ಬೇಡುವುದು ಬಿಟ್ಟು, ಇದು ಬೇಗ ಮುಗಿಯಲಿ ಎಂದಷ್ಟೇ ಬೇಡಿದೆ. ಚಾಚಾ ನನ್ನ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು.

ಹೊಡೆದವರೆಲ್ಲ ಗೋಲು ಹೊಡೆದರು. ಕೊನೆಗೆ ನಮ್ಮ ಕ್ಯಾಪ್ಟನ್ ಬಂದ. ಅವನು ಒದೆದದ್ದು ತಪ್ಪಿರಲಿಲ್ಲ, ಕೆಳಗೆ, ಮೂಲೆಗೆ. ಇವರು ಅವನ ಕಾಲಿಗಿಂತ ಮೊದಲೇ ಆ ಕಡೆಗೆ ಬಿದ್ದಿದ್ದರು. ಬೆರಳ ತುದಿಗೆ ತಾಗಿ ಚೆಂಡು ಕಂಬದಾಚೆ ಹೋಯಿತು. ಇವರನ್ನು ಬೆಂಚಿಗೆ ಕೂರಿಸಿದ್ದು ಅವನೇ. ಆದರೆ ಅವನು ಮೊಣಕಾಲೂರಿ ಮುಖ ಮುಚ್ಚಿಕೊಂಡಾಗ ನನಗೆ ಯಾವ ಸಂತೋಷವೂ ಆಗಲಿಲ್ಲ.

ಹರಪನಹಳ್ಳಿಯವರ ಕೊನೆಯ ಒದೆತಕ್ಕೆ ಯಾರೂ ಮುಂದೆ ಬರಲಿಲ್ಲ. ಅವರವರೇ ಮುಖ ನೋಡಿಕೊಂಡರು. ಇವರು ಗ್ಲೌಸ್ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚೆಂಡಿನ ಹತ್ತಿರ ನಡೆದರು. ಗೋಲಿನಲ್ಲಿ ನಮ್ಮ ಎತ್ತರದ ಹುಡುಗ, ಎರಡು ಬೆರಳು ಕಟ್ಟಿಕೊಂಡು. ಇವರು ಒದ್ದರು. ಅದೇ ಕಡೆ. ಹುಡುಗನೂ ಅದೇ ಕಡೆಗೆ ಹಾರಿದ. ಕೈ ಚೆಂಡಿಗೆ ತಾಗಿತು. ತಾಗಿಯೂ ನಿಲ್ಲಲಿಲ್ಲ.

ಹರಪನಹಳ್ಳಿಯವರು ಇವರನ್ನು ಹೆಗಲ ಮೇಲೆ ಎತ್ತಿಕೊಂಡರು. ಮದುವೆಯ ದಿನವೂ ಈ ಮನುಷ್ಯ ಅಷ್ಟು ಅಗಲ ನಕ್ಕಿರಲಿಲ್ಲ. ಇತ್ತ ಹುಡುಗ ನೆಲದ ಮೇಲೆ ಬೋರಲು ಬಿದ್ದಿದ್ದ. ನಾನು ಅವನ ಕಡೆಗೇ ಹೋದೆ. ಬೆರಳು ನೋಡಬೇಕಿತ್ತು. “ನಾ ಕಟ್ಟಿದ್ದು ಬಿಗಿ ಆಗಿತ್ತೇನಪಾ?” ಎಂದು ಕೇಳಿದೆ. ಅವನು ಅಳುತ್ತಲೇ ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ಇಂದಿಗೂ ನನಗೆ ತಿಳಿದಿಲ್ಲ. ಇನ್ನೊಂದು ಸುತ್ತು ಕಡಿಮೆ ಸುತ್ತಿದ್ದರೆ ಆ ಕೈ ತಡೆಯುತ್ತಿತ್ತೋ, ಇನ್ನೊಂದು ಸುತ್ತು ಹೆಚ್ಚು ಬೇಕಿತ್ತೋ.

ವಾಪಸು ಟೆಂಪೋ ಮಂಡಕ್ಕಿ ಮಿರ್ಚಿಯ ಅಂಗಡಿ ಮುಂದೆ ನಿಲ್ಲದೆ ಹಾಯಿತು. ಕಪ್ ಗೆದ್ದ ಗೋಲಿಯ ಹೆಂಡತಿ ಸೋತವರ ಗಾಡಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಕ್ಯಾಪ್ಟನ್ ಹಿಂದಿನಿಂದ ಬಗ್ಗಿ, “ಸರ್‌ಗೆ ಹೇಳ್ರಿ ಸಿಸ್ಟರ್, ಅವರನ್ನ ಬಿಟ್ಟಿದ್ದು ನಂದ ತಪ್ಪು ಅಂತ,” ಎಂದ. “ನೀನ ಹೇಳು. ಅವರು ಬ್ಯಾಸರ ಮಾಡ್ಕೊಳ್ಳಂಗಿಲ್ಲ,” ಎಂದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಗಳು ಆಗಲೇ ಫೋನಿನಲ್ಲಿ ಅಪ್ಪ ಕಪ್ ಹಿಡಿದ ಫೋಟೋ ನೋಡಿ ಕುಣಿಯುತ್ತಿದ್ದಳು. ಅತ್ತೆ ಬೆಲ್ಲದ ಸಜ್ಜಕ ಮಾಡಿದ್ದರು. ಇವರು ಬಂದರು, ಹೆಗಲು ಸರಿಯಾಗಿ ಎತ್ತಲಾಗುತ್ತಿರಲಿಲ್ಲ. ನಾನು ಎಣ್ಣೆ ಬಿಸಿ ಮಾಡಿ ತಂದು ಹಚ್ಚತೊಡಗಿದೆ. “ಚಲೋ ಆಡಿದ್ರಿ,” ಎಂದೆ. ತೋಳಿಗೆ ಕಣ್ಣೊತ್ತಿಕೊಂಡೆ.

ಅವರು ತಿರುಗಿ ನೋಡಿದರು. “ಗೆದ್ದಾವ ನಾನು. ಅಳಾಕಿ ನೀನು.”

“ಏನ್ ಮಾಡ್ಲಿ? ನನ್ನ ಕೈಯಾಗ ಏನೈತಿ?” ಎಂದೆ. ಹಾಗೆನ್ನುತ್ತಲೇ ಅಳು ಜೋರಾಯಿತು.

ಅತ್ತೆ ಸಜ್ಜಕದ ತಟ್ಟೆ ತಂದು ಇಬ್ಬರ ನಡುವೆ ಇಟ್ಟು, “ಒಬ್ಬರು ನಗೂದು ಒಬ್ಬರು ಅಳೂದು ಆಮ್ಯಾಲ ಮಾಡ್ರಿ. ಆರ್ತೈತಿ, ತಿನ್ರಿ ಮೊದಲ,” ಎಂದರು. ಅವರು ತಿಂದರು. ನಾನೂ ಒಂದೆರಡು ತುತ್ತು ತಿಂದೆ. ಸಿಹಿ ಗೊತ್ತಾಗಲಿಲ್ಲ.

ಆ ಸೀಸನ್ನಿನೊಂದಿಗೆ ನಮ್ಮ ಕ್ಲಬ್ಬಿನ ಒಳ್ಳೆಯ ದಿನಗಳು ಮುಗಿದವು. ಕ್ಯಾಪ್ಟನ್‌ಗೆ ದೂರದ ಊರಿಗೆ ವರ್ಗವಾಯಿತು. ಎತ್ತರದ ಹುಡುಗ ಪೊಲೀಸ್ ಪರೀಕ್ಷೆ ಪಾಸಾಗಿ ತರಬೇತಿಗೆ ಹೋದ. ಹೋಗುವ ಮುನ್ನ ಮನೆಗೆ ಬಂದು ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಇವರ ಹೆಗಲು ಪೂರ್ತಿ ಸರಿಹೋಗಲೇ ಇಲ್ಲ. ಹರಪನಹಳ್ಳಿಯವರು ಬೇರೆ ಗೋಲಿಯನ್ನು ಹುಡುಕಿಕೊಂಡರು. ಇವರು ಆಟ ಬಿಟ್ಟರು. ಕೇಳಿದರೆ, “ಸಾಕಾತು,” ಎನ್ನುತ್ತಿದ್ದರು.

ಈ ವರ್ಷ ನಮ್ಮ ತಂಡ ಗೆದ್ದದ್ದೇ ಇಲ್ಲ. ಹೊಸ ಹುಡುಗರು ಸಂಜೆ ಬರುತ್ತಾರೆ, ಒಂದು ವಾರ ಆಡುತ್ತಾರೆ, ಆಮೇಲೆ ಕಾಣುವುದಿಲ್ಲ. ಆದರೂ ನಾನು ಡ್ಯೂಟಿ ಬದಲಾಯಿಸಿಕೊಂಡು ಹೋಗುತ್ತೇನೆ. ಗಂಡನಿಗಾಗಿ ಹೋಗುತ್ತಾಳೆ ಎನ್ನುತ್ತಿದ್ದವರು ಈಗ ಏನೂ ಅನ್ನುವುದಿಲ್ಲ. ಹೋಗದಿರಲು ಪ್ರಯತ್ನಿಸಿ ನೋಡಿದ್ದೇನೆ. ಆಗುವುದಿಲ್ಲ.

ಮೊನ್ನೆ ಹಡಗಲಿಗೆ ಹೊರಡುವ ದಿನ ಚಾಚಾ ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಬಂದರು. ಗೋಲಿಯಾಗಬೇಕಿದ್ದ ಹುಡುಗ ಫೋನು ತೆಗೆಯುತ್ತಿಲ್ಲ, ಹನ್ನೊಂದು ಜನ ಆಗುತ್ತಿಲ್ಲ. ನನ್ನ ಕಡೆ ನೋಡದೆ ಇವರನ್ನು ನೋಡಿ, “ಸರ್, ಸುಮ್ನ ನಿಂತ್ರ ಸಾಕು,” ಎಂದರು. ಇವರು ಬಲಗೈ ಒಮ್ಮೆ ಎತ್ತಿ ನೋಡಿ, “ಅಂಗಿ ಐತೇನು ಹಳದೀದು?” ಎಂದು ಕೇಳಿದರು. ಚಾಚಾನ ಚೀಲದಲ್ಲಿ ಇತ್ತು.

ಎಷ್ಟೋ ದಿನದ ಮೇಲೆ ನನ್ನವರೂ ನನ್ನ ತಂಡವೂ ಒಂದೇ ಕಡೆ. ಮನಸಾರೆ ಕೂಗಬಹುದು, ಯಾರ ಕಡೆಯೂ ನೋಡಬೇಕಿಲ್ಲ ಎಂದು ನಾನು ಹಿಗ್ಗಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಮೊದಲ ಗೋಲು ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಇವರ ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಅದು ಹಡಗಲಿಯ ಹುಡುಗರಿಗೆ ಗೊತ್ತಾಗಿ, ಹೆಚ್ಚಿನ ಚೆಂಡುಗಳನ್ನು ಆ ಕಡೆಗೇ ಎತ್ತರಕ್ಕೆ ಒದೆಯತೊಡಗಿದರು. ನಾನು ಕೂಗಿ ಕೂಗಿ ಗಂಟಲು ಕಟ್ಟಿತು. ಆಮೇಲೆ ಕೂಗಲಿಲ್ಲ. ಚೀಲದಲ್ಲಿ ಹತ್ತಿ ಇತ್ತು, ಔಷಧಿ ಇತ್ತು. ಅದರಿಂದ ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಇವರು ಪ್ರತಿ ಸಲವೂ ಬಲೆಯಿಂದ ಚೆಂಡು ತೆಗೆದು, ನಡುಗೆರೆಯವರೆಗೆ ತಾವೇ ಒದ್ದು, ಕಂಬ ತಟ್ಟಿ ಮತ್ತೆ ನಿಲ್ಲುತ್ತಿದ್ದರು.

ಹಿಂದಿರುಗುವಾಗ ಟೆಂಪೋದಲ್ಲಿ ಇವರು ನನ್ನ ಪಕ್ಕ ಕೂತರು. ಹೊಲಗಳಲ್ಲಿ ಮೆಕ್ಕೆಜೋಳ ಮುರಿದು ಹಾಕಿದ್ದರು. ಚಾಚಾ ನಿದ್ದೆ ಹೋಗಿದ್ದರು. ಬಹಳ ಹೊತ್ತಿನ ಮೇಲೆ ಇವರು ಕೇಳಿದರು:

“ಮೂರನೇದು ಹಿಡೀಬಹುದಿತ್ತೇನು ನಾನು?”

ಆ ಚೆಂಡು ನನ್ನ ಕಣ್ಣ ಮುಂದೆ ಇನ್ನೂ ಉರುಳುತ್ತಲೇ ಇತ್ತು. ಎಡಗಡೆ ಬಂದದ್ದು, ನೆಲಕ್ಕೆ ಹತ್ತಿ ಬಂದದ್ದು.

“ಹಿಡೀಬಹುದಿತ್ತು,” ಎಂದೆ.

“ಹೌದು,” ಎಂದರು. ತಮಗೇ ಎಂಬಂತೆ ಇನ್ನೊಮ್ಮೆ “ಹೌದು” ಎಂದು, ಹೆಗಲು ತಿಕ್ಕಿಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಾ ಕೂತರು.